ಡ್ರಾಯಿಂಗ್ ಹಲಗೆಯಿಂದ ಕಲಾ ಪದವಿಯವರೆಗೆ: ಗಡಿನಾಡಿನ ಒಂದು ದಾರಿಯ ಚರಿತ್ರೆ

ಶತಮಾನೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಪ್ರಕಟಿಸಬೇಕೆಂದು ಸ್ಮರಣ ಸಂಚಿಕೆಯ ಸಮಿತಿ ತೀರ್ಮಾನಿಸಿದಾಗ, ಹೆಸರುಗಳನ್ನು ವೃತ್ತಿವಾರು ವಿಂಗಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಶಿಕ್ಷಕರ ಪುಟ ಬೇಗನೆ ತುಂಬಿತು. ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಎರಡು ಪುಟಗಳೂ ಸಾಲದಾದವು. ವೈದ್ಯರು, ವಕೀಲರು, ಇಂಜಿನಿಯರುಗಳು, ಬ್ಯಾಂಕಿನವರು, ಗುಲಾಬಿ ಮತ್ತು ರೇಷ್ಮೆ ಬೆಳೆದು ಹೆಸರಾದವರು, ಸೈನ್ಯಕ್ಕೆ ಸೇರಿದವರು, ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿ ಬಂದು ಕುಳಿತರು. ‘ಕಲಾವಿದರು’ ಎಂದು ನಾವೇ ಉತ್ಸಾಹದಿಂದ ಬರೆದಿಟ್ಟ ತಲೆಬರಹದ ಕೆಳಗೆ ಮಾತ್ರ ಒಂದೇ ಒಂದು ಹೆಸರು ಉಳಿಯಿತು. ಅವರು ಅಂಗಡಿಗಳಿಗೂ ಲಾರಿಗಳಿಗೂ ಬೋರ್ಡು ಬರೆದು ಸಂಸಾರ ಸಾಗಿಸಿದವರು. ಮೂರು ಭಾಷೆಗಳ ಅಕ್ಷರವನ್ನು ಒಂದೇ ಹದದಲ್ಲಿ ಬರೆಯಬಲ್ಲವರು. ಅವರ ಮೇಲೆ ನಮಗೆ ಅಪಾರ ಗೌರವವಿದೆ. ಆದರೆ ಚಿತ್ರಕಲೆಯನ್ನೋ ಶಿಲ್ಪವನ್ನೋ ವಿನ್ಯಾಸವನ್ನೋ ವಿಶ್ವವಿದ್ಯಾಲಯದ ಮಟ್ಟದಲ್ಲಿ ಓದಿ ಪದವಿ ಪಡೆದವರು ಈ ನೂರು ವರ್ಷಗಳ ಪಟ್ಟಿಯಲ್ಲಿ ಒಬ್ಬರೂ ಸಿಗಲಿಲ್ಲ.

ಅದೇ ವಾರ ಉಗ್ರಾಣವನ್ನು ಗುಡಿಸುವಾಗ, ಮುರಿದ ಬೆಂಚುಗಳ ಹಿಂದೆ ಹನ್ನೊಂದು ಡ್ರಾಯಿಂಗ್ ಹಲಗೆಗಳು ದೊರೆತವು. ಜೊತೆಗೆ ಮರದಲ್ಲಿ ಕಡೆದ ಒಂದು ಗೋಳ, ಒಂದು ಶಂಕು, ಒಂದು ಘನ. ಮಾದರಿಯಾಗಿ ಮೇಜಿನ ಮೇಲಿಟ್ಟು ಮಕ್ಕಳಿಂದ ಚಿತ್ರ ಬರೆಸುತ್ತಿದ್ದ ಸಾಮಗ್ರಿ ಇವು. ಹಲಗೆಗಳ ಮೂಲೆಗಳಲ್ಲಿ ಪಿನ್ನು ಚುಚ್ಚಿದ ತೂತುಗಳು ಜೇನುಗೂಡಿನಂತಿದ್ದವು. ಅಂದಮೇಲೆ ಇಲ್ಲಿ ಯಾರೋ ಶ್ರದ್ಧೆಯಿಂದ ಕಲಿಸಿದ್ದಾರೆ, ಎಷ್ಟೋ ಮಕ್ಕಳು ಕಲಿತಿದ್ದಾರೆ. ಆ ಕಲಿಕೆ ಶಾಲೆಯ ಗೇಟು ದಾಟಿ ಮುಂದೆ ಹೋಗಲಿಲ್ಲವೇಕೆ? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ನಮ್ಮ ಸೀಮೆ ಚಿತ್ರಕ್ಕೆ ಬಡವಾದುದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬರ್ಗೂರಿನ ಸಮೀಪದ ಮಲ್ಲಪಾಡಿಯ ಬಂಡೆಯ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಕುದುರೆ ಸವಾರರು ಇಂದಿಗೂ ಕಾಣುತ್ತಾರೆ. ಮಲ್ಲಚಂದ್ರಂ ಗುಡ್ಡದ ಕಲ್ಗೋರಿಗಳ ಒಳಗೋಡೆಯಲ್ಲಿಯೂ ಅಂಥದೇ ಬಿಳಿಯ ರೇಖೆಗಳಿವೆ. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಕಡೆ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡದೆ ಬೆಳೆದ ಮಗು ಇಲ್ಲಿ ಇಲ್ಲ. ಅವುಗಳಲ್ಲಿ ಹಲವಕ್ಕೆ ಕನ್ನಡದ ಬರಹವೂ ಇದೆ. ಬೆಳಗಿನ ಜಾವ ಬಾಗಿಲ ಮುಂದೆ ಚುಕ್ಕಿ ಎಣಿಸಿ ರಂಗೋಲಿಯ ಎಳೆಯನ್ನು ತಪ್ಪದೆ ಮೊದಲ ಚುಕ್ಕಿಗೆ ತಂದು ಸೇರಿಸುವ ಹೆಣ್ಣುಮಕ್ಕಳಿಗೆ ಸಮಾನಾಂತರತೆ, ಸಮತೋಲ, ಆವರ್ತನ ಎಂಬ ಪದಗಳನ್ನು ಯಾರೂ ಕಲಿಸಿಲ್ಲ, ಕೈಗೆ ಮಾತ್ರ ಬಂದಿದೆ. ಕೊರತೆ ಕೈಯಲ್ಲಿರಲಿಲ್ಲ.

ಕಲೆಯನ್ನು ಶಾಲೆಯಲ್ಲಿ ಕಲಿಸುವ ಪದ್ಧತಿ ದಕ್ಷಿಣದಲ್ಲಿ ಮೊದಲು ಬೇರೂರಿದ್ದು ಮದರಾಸಿನಲ್ಲಿ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಶಸ್ತ್ರವೈದ್ಯರು ತಮ್ಮ ಸ್ವಂತ ಖರ್ಚಿನಲ್ಲಿ ಒಂದು ಕಲಾಶಾಲೆಯನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅದು ಸರಕಾರದ ಕೈಗೆ ಬಂದಿತು. ಇಂದು ಚೆನ್ನೈನ ಪೆರಿಯಾರ್ ಹೆದ್ದಾರಿಯಲ್ಲಿ ಕೆಂಪು ಇಟ್ಟಿಗೆಯ ಕಟ್ಟಡಗಳ ನಡುವೆ ಇರುವ ಸರಕಾರಿ ಲಲಿತಕಲಾ ಕಾಲೇಜು ಅದೇ. ಕಲ್ಕತ್ತೆಯ ಶಾಲೆ 1854ರಲ್ಲಿ, ಮುಂಬಯಿಯ ಜೆ. ಜೆ. ಶಾಲೆ 1857ರಲ್ಲಿ ಆರಂಭವಾದವು. ಕಾಲದಲ್ಲಿ ಇವೆರಡಕ್ಕೂ ಮದರಾಸು ಹಿರಿಯದು.

ಈ ಶಾಲೆಗಳನ್ನು ಸ್ಥಾಪಿಸಿದವರ ಮನಸ್ಸಿನಲ್ಲಿ ಇದ್ದುದು ಇಂದು ನಾವು ‘ಕಲಾವಿದ’ ಎನ್ನುವ ವ್ಯಕ್ತಿಯಲ್ಲ. ಮಡಕೆ, ಲೋಹ, ಮರ, ನೇಯ್ಗೆಗಳ ಕುಶಲಕರ್ಮಿಯ ಮಗನಿಗೆ ಅಳತೆಯ ರೇಖಾಚಿತ್ರ ಕಲಿಸಿ ಅವನ ಕಸಬನ್ನು ಪೇಟೆಗೆ ಒಗ್ಗಿಸುವುದು ಮೊದಲ ಗುರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಮದರಾಸಿನ ಈ ಶಾಲೆಯಲ್ಲಿಯೇ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ನಮ್ಮ ಅಜ್ಜಿಯರ ಅಡುಗೆಮನೆಗೆ ಬಂದ ಅಲ್ಯೂಮಿನಿಯಂ ಪಾತ್ರೆಯ ಹುಟ್ಟಿಗೂ ಕಲಾಶಾಲೆಗೂ ನಂಟಿದೆ ಎಂದರೆ ನಂಬುವುದು ಕಷ್ಟ. ಚಿತ್ರಕಲೆ ಮತ್ತು ವಿನ್ಯಾಸ ಬೇರೆ ಬೇರೆ ಎಂದು ಇಂದು ಪೋಷಕರು ನಮ್ಮನ್ನು ಕೇಳುತ್ತಾರೆ. ಆರಂಭದಲ್ಲಿ ಅವೆರಡೂ ಒಂದೇ ಸೂರಿನಡಿ ಇದ್ದವು, ಅದರಲ್ಲಿಯೂ ವಿನ್ಯಾಸವೇ ಅಣ್ಣನ ಸ್ಥಾನದಲ್ಲಿತ್ತು.

ಆ ಶಾಲೆಯ ಪ್ರಭಾವ ಹಳ್ಳಿಯ ಶಾಲೆಗಳಿಗೆ ತಲುಪಿದ್ದು ಡ್ರಾಯಿಂಗ್ ಮೇಷ್ಟ್ರುಗಳ ಮೂಲಕ. ಸರಕಾರಿ ತಾಂತ್ರಿಕ ಪರೀಕ್ಷೆಯ ಲೋಯರ್, ಹೈಯರ್ ದರ್ಜೆಗಳನ್ನು ಮುಗಿಸಿದವರು ಪ್ರೌಢಶಾಲೆಗಳಿಗೆ ಬಂದು, ಗೋಳ, ಶಂಕು, ಘನಗಳನ್ನು ಮೇಜಿನ ಮೇಲಿಟ್ಟು ಕಲಿಸಿದರು. ನಮ್ಮ ಉಗ್ರಾಣದ ಮರದ ಗೋಳ ಆ ಪರಂಪರೆಯದು.

ನಮ್ಮ ಶಾಲೆ ಕಣ್ತೆರೆದ ಕಾಲದಲ್ಲಿ ಹೊಸೂರು ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಓದಲು ಹೊರಟವನ ಮುಂದಿನ ಕವಲುದಾರಿ ಬದಲಾಗಲಿಲ್ಲ: ಒಂದು ಬೆಂಗಳೂರಿಗೆ, ಇನ್ನೊಂದು ಮದರಾಸಿಗೆ. ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಕಾನೂನಿಗೆ ಮದರಾಸಿಗೆ ಹೋದರು. ಎರಡೂ ದಾರಿಗಳನ್ನು ತುಳಿದರು. ರೈಲಿನ ಕಥೆ ಇನ್ನೂ ಸ್ವಾರಸ್ಯವಾದುದು. ಹೊಸೂರಿಗೆ ಮೊದಲು ಬಂದ ರೈಲು ನಲವತ್ತು ಕಿಲೋಮೀಟರು ದೂರದ ಬೆಂಗಳೂರಿನದಲ್ಲ. ಮೊರಪ್ಪೂರಿನಿಂದ ಧರ್ಮಪುರಿಯ ಮೂಲಕ ಎರಡೂವರೆ ಅಡಿ ಅಗಲದ ಕಿರುಹಳಿಯೊಂದು 1913ರಲ್ಲಿ ಹೊಸೂರಿಗೆ ಬಂದಿತು. ಮೊರಪ್ಪೂರಿನಲ್ಲಿ ಇಳಿದರೆ ಮದರಾಸಿನ ದೊಡ್ಡ ಹಳಿ. 1941ರಲ್ಲಿ, ಮಹಾಯುದ್ಧದ ನಡುವೆ, ಆ ಕಿರುರೈಲು ನಿಂತುಹೋಯಿತು. ನಮ್ಮ ಶಾಲೆಯ ಮೊದಲ ತಂಡಗಳ ಮಕ್ಕಳಿಗೆ ಮದರಾಸಿನ ಕಲಾಶಾಲೆ ರೈಲು ಚೀಟಿಯಷ್ಟು ದೂರದಲ್ಲಿತ್ತು. ಮುಂದಿನ ತಂಡಗಳಿಗೆ ಅದೂ ಇಲ್ಲವಾಯಿತು. ಆದರೆ ರೈಲಿದ್ದ ಕಾಲದಲ್ಲಿಯೂ ಯಾರೂ ಹೋಗಲಿಲ್ಲ ಎಂಬುದನ್ನು ಮರೆಯಬಾರದು. ಹೋಗಲು ದಾರಿಯಷ್ಟೇ ಸಾಲದು, ಹೋಗಬಹುದು ಎಂಬ ಕಲ್ಪನೆಯೂ ಮನೆಯಲ್ಲಿರಬೇಕು.

ಆ ಕಲ್ಪನೆಯನ್ನು ಕನ್ನಡ ನಾಡಿನಲ್ಲಿ ಬಿತ್ತಿದ್ದು ಮೈಸೂರು. ಅಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ವೇಲ್ಸಿನ ರಾಜಕುಮಾರರು, ಮುಂದೆ ಐದನೆಯ ಜಾರ್ಜ್ ಆದವರು, ಅಡಿಗಲ್ಲು ಹಾಕಿದರು. ಬೀಟೆ ಮರದಲ್ಲಿ ದಂತ ಕೂಡಿಸುವ ಕೆಲಸ, ಶ್ರೀಗಂಧದ ಕೆತ್ತನೆ, ಚಿತ್ರಕಲೆ ಅಲ್ಲಿ ಪಾಠವಾದವು. ಮದರಾಸಿನಲ್ಲಿ ಅಲ್ಯೂಮಿನಿಯಂ ಕೆಲಸ ನಡೆಸಿದ ಅದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಆ ಕಾಲದ ಎರಡು ಸರಕಾರಗಳೂ ಕಲಾಶಿಕ್ಷಣವನ್ನು ಕೈಗಾರಿಕೆಯ ಕಣ್ಣಿನಿಂದಲೇ ನೋಡಿದ್ದಕ್ಕೆ ಇದು ಒಳ್ಳೆಯ ಸಾಕ್ಷಿ.

ಮೈಸೂರಿನ ಕೆ. ವೆಂಕಟಪ್ಪನವರ ಬಾಳನ್ನು ಇಲ್ಲಿ ಸ್ವಲ್ಪ ವಿವರವಾಗಿ ನೆನೆಯಬೇಕು. ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಯ ಸರಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವರು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ, ಬೌದ್ಧ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರ ಚಿತ್ರಗಳನ್ನು ಬರೆದ ತರುಣರಲ್ಲಿ ವೆಂಕಟಪ್ಪನವರೂ ಒಬ್ಬರು. ಮನೆಯ ಕಸಬಾಗಿ ಬಂದ ವಿದ್ಯೆ ಪಾಠಶಾಲೆಯ ಶಿಸ್ತಿಗೆ ಒಳಪಟ್ಟು, ತನ್ನದೇ ವ್ಯಕ್ತಿತ್ವವುಳ್ಳ ಕಲೆಯಾದುದನ್ನು ಕನ್ನಡಿಗರು ಮೊದಲು ಕಂಡದ್ದು ಅವರಲ್ಲಿ. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ, ವೀಣೆ ಕಲಿತರು, ನೀಲಗಿರಿಯ ಮಂಜನ್ನೂ ಬಿಸಿಲನ್ನೂ ಜಲವರ್ಣದಲ್ಲಿ ಹಿಡಿದರು. ಅರಮನೆಗಾಗಿ ಮಾಡಿದ ಕೆಲಸದ ಪ್ರತಿಫಲದ ವಿಚಾರದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕಲಾವಿದನ ದುಡಿಮೆಗೆ ಬೆಲೆ ಕಟ್ಟುವುದು ದಾನವಲ್ಲ, ಸಲ್ಲಬೇಕಾದ ಕೂಲಿ ಎಂದು ಪಟ್ಟು ಹಿಡಿದ ಆ ಪ್ರಸಂಗವನ್ನು, ‘ಚಿತ್ರ ಬರೆದು ಏನು ಉಣ್ಣುತ್ತಾನೆ’ ಎಂದು ಕೇಳುವ ತಂದೆತಾಯಿಯರ ಮುಂದೆ ಹೇಳಬೇಕೋ ಬಿಡಬೇಕೋ ಎಂದು ನಾವು ಬಹಳ ಸಲ ಅನುಮಾನಿಸಿದ್ದೇವೆ.

ವೆಂಕಟಪ್ಪನವರಿಗೆ ದೊರೆಯಿದ್ದ. ಆ ದೊರೆಯ ಸೀಮೆ ಅತ್ತಿಬೆಲೆಯಲ್ಲಿಯೇ ಮುಗಿಯುತ್ತಿತ್ತು. ಈಚೆಗೆ ಜೂಜುವಾಡಿಯಿಂದ ಬ್ರಿಟಿಷರ ಆಡಳಿತ. ಒಂದೇ ಮಾತು, ಒಂದೇ ಹಬ್ಬ, ಎರಡು ಸರಕಾರ. ನಮ್ಮಂತೆಯೇ ಮದರಾಸು ಪ್ರಾಂತದ ಪ್ರಜೆಯಾಗಿದ್ದ ಇನ್ನೊಬ್ಬ ಕನ್ನಡ ನೆಲದ ಹುಡುಗ ಏನು ಮಾಡಿದ ಎಂಬುದನ್ನು ನೋಡೋಣ. ದಕ್ಷಿಣ ಕನ್ನಡದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಬಡತನದಲ್ಲಿ ಬೆಳೆದವರು. ಕೆಲಕಾಲ ಮೈಸೂರಿನ ಸಂಸ್ಥೆಯಲ್ಲಿದ್ದು, ಆಮೇಲೆ ಮುಂಬಯಿಗೆ ಹೋಗಿ, 1938ರಲ್ಲಿ ಜೆ. ಜೆ. ಶಾಲೆಯ ಡಿಪ್ಲೊಮಾ ಪಡೆದರು. ಅಲ್ಲಿಯೇ ಪಾಠ ಹೇಳಿದರು. ಪ್ಯಾರಿಸ್ಸಿಗೂ ಹೋಗಿ ಕಲಿತರು. 1989ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಅದೇ ಜೆ. ಜೆ. ಶಾಲೆ ಮೈಸೂರಿನ ಇನ್ನೊಬ್ಬ ತರುಣನಿಗೆ ಪ್ರವೇಶ ನಿರಾಕರಿಸಿತು. ಅವರು ಆರ್. ಕೆ. ಲಕ್ಷ್ಮಣ್. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಾಮಾನ್ಯ ಪದವಿ ಓದಿಕೊಂಡು, ಅವರು ದೇಶದ ಬೆಳಗಿನ ಪತ್ರಿಕೆಗೇ ರೇಖೆಯಾದರು. ಕಲಾಶಾಲೆಗೆ ಸೀಟು ಸಿಗದ ಮಕ್ಕಳ ಪೋಷಕರಿಗೆ ನಾವು ಈ ಕಥೆಯನ್ನು ಹೇಳುವುದುಂಟು. ಆದರೆ ಎಲ್ಲರೂ ಲಕ್ಷ್ಮಣ್ ಆಗುವುದಿಲ್ಲ, ಬಹುಪಾಲು ಮಕ್ಕಳಿಗೆ ಪಾಠವೇ ಬೇಕು ಎಂಬುದನ್ನೂ ಸೇರಿಸುತ್ತೇವೆ.

ಇವರೆಲ್ಲರ ಕಾಲದಲ್ಲಿ ದೊರೆಯುತ್ತಿದ್ದುದು ಡಿಪ್ಲೊಮಾ, ಪದವಿಯಲ್ಲ ಎಂಬುದನ್ನು ಗಮನಿಸಬೇಕು. ಈ ವ್ಯತ್ಯಾಸ ಚಿಕ್ಕದೆಂದು ತೋರಬಹುದು. ನಮ್ಮಂಥ ಊರಿನಲ್ಲಿ ಅದೇ ದೊಡ್ಡದು. ಬಿ.ಎ., ಬಿ.ಎಸ್ಸಿ. ಎಂಬ ಅಕ್ಷರಗಳು ಹೆಸರಿನ ಮುಂದೆ ಕುಳಿತರೆ ಸರಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಹೆಣ್ಣು ಕೊಡುವವರು ಮಾತನಾಡಿಸುತ್ತಾರೆ. ಡ್ರಾಯಿಂಗ್ ಮೇಷ್ಟ್ರು ಶಿಕ್ಷಕರ ಕೊಠಡಿಯಲ್ಲಿ ಕೊನೆಯ ಕುರ್ಚಿಯವರು. ಶಾಂತಿನಿಕೇತನದ ಕಲಾಭವನ 1919ರಲ್ಲಿಯೇ ಆರಂಭವಾಗಿ ನಂದಲಾಲ ಬೋಸರ ಹಿರಿತನದಲ್ಲಿ ಬೆಳೆದರೂ, ಲಲಿತಕಲೆಗೆ ವಿಶ್ವವಿದ್ಯಾಲಯದ ಪದವಿಯ ಸ್ಥಾನವನ್ನು ಗಟ್ಟಿಯಾಗಿ ಕೊಟ್ಟಿದ್ದು ಬರೋಡ. ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ತೆರೆಯಿತು. ಅಂದರೆ ಮದರಾಸಿನ ಶಾಲೆ ಹುಟ್ಟಿ ಸರಿಯಾಗಿ ನೂರು ವರ್ಷಗಳ ಮೇಲೆ.

ಮದರಾಸಿನಲ್ಲಿ ಆ ನಡುವೆ ದೇವಿಪ್ರಸಾದ ರಾಯ್ ಚೌಧುರಿಯವರು ಬಹುಕಾಲ ಮುಖ್ಯಸ್ಥರಾಗಿದ್ದರು. ಮರೀನಾ ತೀರದ ‘ಶ್ರಮಿಕರ ವಿಜಯ’ ಶಿಲ್ಪ ಅವರದೇ. ಪ್ರವಾಸಕ್ಕೆ ಹೋದ ನಮ್ಮ ಮಕ್ಕಳು ಪ್ರತಿ ಬಾರಿಯೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. 1957ರಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಆ ಸ್ಥಾನಕ್ಕೆ ಬಂದರು. ಕಲಿತು ಹೊರಬಂದ ಶಿಷ್ಯರು ಹೊಟ್ಟೆಪಾಡಿಗಾಗಿ ಕುಂಚವನ್ನು ಕೆಳಗಿಡುವುದನ್ನು ನೋಡಿ ಅವರು ಒಂದು ಉಪಾಯ ಹುಡುಕಿದರು. ಶಿಷ್ಯರೆಲ್ಲ ಸೇರಿ ಬಾಟಿಕ್ ಮತ್ತಿತರ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಆ ಹಣದಿಂದ ಮದರಾಸಿನ ದಕ್ಷಿಣಕ್ಕೆ ಸಮುದ್ರದ ದಂಡೆಯಲ್ಲಿ ಜಮೀನು ಕೊಂಡು, 1966ರಲ್ಲಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿಕೊಂಡರು. ಹಗಲು ಕೈಕಸಬು, ಉಳಿದ ಹೊತ್ತು ಚಿತ್ರ. ಪೋಷಕರ ‘ಏನು ಉಣ್ಣುತ್ತಾನೆ’ ಎಂಬ ಪ್ರಶ್ನೆಗೆ ದಕ್ಷಿಣ ಭಾರತದಲ್ಲಿ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಇದು ಎಂದು ನಮ್ಮ ಅಭಿಪ್ರಾಯ.

ಇತ್ತ ಬೆಂಗಳೂರಿನಲ್ಲಿಯೂ ಅದೇ ದಶಕದಲ್ಲಿ ಬಾಗಿಲುಗಳು ತೆರೆದವು. 1960ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು, ಎಂ. ಎಸ್. ನಂಜುಂಡರಾಯರು ಅದನ್ನು ಬೆಳೆಸಿದರು. ಮೈಸೂರು ಶೈಲಿಯ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಊರೂರು ಅಲೆದು ಸಂಗ್ರಹಿಸಿದವರು ಅವರು. ಕುಮಾರಕೃಪಾ ರಸ್ತೆಯ ಆವರಣದಲ್ಲಿ ಪರಿಷತ್ತಿನ ಲಲಿತಕಲಾ ಕಾಲೇಜು 1983ರಲ್ಲಿ ಆರಂಭವಾಯಿತು. ಆರ್. ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ ಹಣವಿಲ್ಲದ ಹಳ್ಳಿಯ ಹುಡುಗರಿಗೆ ಆಸರೆಯಾಗಿತ್ತು. ಅಲ್ಲಿ ಪಾಠ, ಚರ್ಚೆ, ಜಗಳ ಎಲ್ಲವೂ ಕನ್ನಡದಲ್ಲಿ ನಡೆಯುತ್ತಿತ್ತು. ಕಲೆಯ ವಿಚಾರವನ್ನು ಕನ್ನಡದಲ್ಲಿ ಓದಲಾಗದು ಎಂಬ ಅಳುಕಿಗೂ ಆಧಾರವಿಲ್ಲ: ಅ.ನ.ಕೃ. ಅವರು ರಾಜಾ ರವಿವರ್ಮನ ಸ್ಥಾನವನ್ನು ಕುರಿತು ಪುಸ್ತಕವನ್ನೇ ಬರೆದರು, ಶಿವರಾಮ ಕಾರಂತರು ‘ಕಲಾ ಪ್ರಪಂಚ’ವನ್ನು ಕೊಟ್ಟರು. ಈ ಎರಡರಲ್ಲಿ ಒಂದು ನಮ್ಮ ಗ್ರಂಥಾಲಯದಲ್ಲಿದೆ. ಎರವಲು ಚೀಟಿಯಲ್ಲಿ ಮೂರೇ ಮುದ್ರೆಗಳಿವೆ.

ಹೀಗೆ ನಲವತ್ತು ಕಿಲೋಮೀಟರು ದೂರದಲ್ಲಿ, ನಮ್ಮದೇ ಭಾಷೆಯಲ್ಲಿ, ಒಂದು ದಾರಿ ತೆರೆದಿತ್ತು. ನಮಗೆ ಅದು ತಿಳಿದಿರಲಿಲ್ಲ. ‘ನಮಗೆ’ ಎಂಬ ಮಾತನ್ನು ಇಲ್ಲಿ ಗೌರವಕ್ಕಾಗಿ ಬಳಸುತ್ತಿಲ್ಲ, ತಪ್ಪೊಪ್ಪಿಗೆಗಾಗಿ ಬಳಸುತ್ತಿದ್ದೇವೆ.

1990ರ ದಶಕದ ಕೊನೆಯಲ್ಲಿ, ನಾವು ಸಹಶಿಕ್ಷಕಿಯಾಗಿ ಸೇರಿದ ಹೊಸದರಲ್ಲಿ, ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಗುಲಾಬಿ ತೋಟದಲ್ಲಿ ಕೂಲಿ. ಸಮಾಜ ಪಾಠದ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವಳು ತೋಟದ ಹೆಂಗಸರನ್ನು ಬರೆಯುತ್ತಿದ್ದಳು: ಬಾಗಿದ ಬೆನ್ನು, ಮುಳ್ಳು ತಾಗದಂತೆ ಹೂವನ್ನು ಹಿಡಿದ ಬೆರಳು, ತಲೆಗೆ ಬಿಗಿದ ಬಟ್ಟೆ. ಮುಖ ಬರೆಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, ‘ಬಗ್ಗಿ ಕೆಲಸ ಮಾಡುವಾಗ ಮುಖ ಕಾಣಿಸಲ್ಲ ಮಿಸ್’ ಎಂದಳು. ಹನ್ನೆರಡನೆಯ ತರಗತಿ ಮುಗಿದಾಗ ಅವಳ ತಂದೆ ಶಾಲೆಗೆ ಬಂದು, ಮಗಳ ಚಿತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟು ಕೇಳಿದರು: ‘ಟೀಚರಮ್ಮಾ, ಇದನ್ನ ಓದೋಕೆ ಎಲ್ಲಾದರೂ ಕಾಲೇಜು ಐತಾ? ಇದು ಓದೋ ಬಾಬತ್ತೇನಾ?’

ಎಂ.ಎ., ಬಿ.ಎಡ್. ಮುಗಿಸಿ ಬಂದಿದ್ದ ನಾವು ಒಂದು ಕ್ಷಣವೂ ಯೋಚಿಸದೆ, ‘ಅದು ಹವ್ಯಾಸಕ್ಕೆ ಸರಿ, ಟೀಚರ್ ಟ್ರೈನಿಂಗಿಗೆ ಹಾಕಿ, ಕೆಲಸ ಖಾತ್ರಿ’ ಎಂದುಬಿಟ್ಟೆವು. ಅವರು ನಮ್ಮ ಮಾತನ್ನು ವೇದವಾಕ್ಯದಂತೆ ತೆಗೆದುಕೊಂಡು, ಕೈಮುಗಿದು ಹೋದರು. ಟ್ರೈನಿಂಗಿಗೆ ಸೀಟು ಸಿಗಲಿಲ್ಲ, ಮರುವರ್ಷ ಮದುವೆಯಾಯಿತು. ಚಿತ್ರಕಲಾ ಪರಿಷತ್ತಿನ ಕಾಲೇಜು ಆಗಾಗಲೇ ಹದಿನೈದು ವರ್ಷ ನಡೆದಿತ್ತು. ಹೊಸೂರಿನ ನಿಲ್ದಾಣದಿಂದ ಬೆಂಗಳೂರಿಗೆ ಹಗಲಿಡೀ ಬಸ್ಸುಗಳಿದ್ದವು. ಒಂದು ಭಾನುವಾರ ನಾವೇ ಹೋಗಿ ವಿಚಾರಿಸಿಕೊಂಡು ಬರಬಹುದಾಗಿತ್ತು.

ಸಂಚಿಕೆಯ ಪಟ್ಟಿ ತಯಾರಿಸುವಾಗ ಅವರು ತಾವಾಗಿಯೇ ಶಾಲೆಗೆ ಬಂದರು. ಈಗ ಅವರ ಮಗಳು ನಮ್ಮಲ್ಲಿಯೇ ಹತ್ತನೆಯ ತರಗತಿಯಲ್ಲಿದ್ದಾಳೆ. ವೃತ್ತಿ ಎಂಬ ಅಂಕಣದಲ್ಲಿ ‘ಗೃಹಿಣಿ, ಟೈಲರಿಂಗ್’ ಎಂದು ಬರೆದರು. ಹಳೆಯ ವಿಷಯವನ್ನು ನಾವೇ ಎತ್ತಿದೆವು. ‘ಬಿಡಿ ಮಿಸ್, ಆವಾಗ ನಮ್ಮಲ್ಲಿ ಯಾರಿಗೆ ಗೊತ್ತಿತ್ತು’ ಎಂದು ನಕ್ಕರು. ಆಮೇಲೆ, ಹೊರಡುವಾಗ, ‘ಬ್ಲೌಸಿಗೆ ಕಸೂತಿ ಬರೆಯೋದು ನಾನೇ. ಬುಕ್ಕು ನೋಡಿ ಹಾಕಲ್ಲ’ ಎಂದರು. ಅದನ್ನು ಹೇಳಬೇಕೆಂದೇ ಅವರು ಬಂದಿದ್ದರೆಂದು ನಮಗೆ ಅನ್ನಿಸಿತು.

ವಿನ್ಯಾಸವೆಂಬುದು ಬೇರೆಯೇ ಒಂದು ವಿಶ್ವವಿದ್ಯಾಲಯ ವಿಷಯವಾಗಿ ಬೆಳೆದುದನ್ನು ಈಗ ನೋಡೋಣ. ಭಾರತ ಸರಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ದೇಶ ಸುತ್ತಿ, 1958ರಲ್ಲಿ ಒಂದು ವರದಿ ಬರೆದರು. ಅವರು ಕಂಡ ವಸ್ತುಗಳಲ್ಲೆಲ್ಲ ಅವರಿಗೆ ಅತ್ಯಂತ ಸುಂದರವೂ ಶ್ರೇಷ್ಠವೂ ಆಗಿ ತೋರಿದ್ದು ಯಾವುದೋ ಅರಮನೆಯ ಒಡವೆಯಲ್ಲ, ನಮ್ಮ ಬಚ್ಚಲುಮನೆಯ ಚೊಂಬು. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ ಹೊತ್ತಾಗ ತೂಕ ಎಲ್ಲಿ ಕೂರಬೇಕು, ಬಾಯಿ ಎಷ್ಟಗಲವಿದ್ದರೆ ತೊಳೆಯಲು ಕೈ ಹೋದೀತು, ಬಿಸಿಲಲ್ಲಿ ಮುಟ್ಟಿದರೆ ಹೇಗಿರುತ್ತದೆ, ಬೆಲೆ ಎಷ್ಟು, ಹಳೆಯದಾದರೆ ಲೋಹಕ್ಕೆ ಏನು ಸಿಗುತ್ತದೆ: ಹೀಗೆ ಒಂದು ಚೊಂಬಿನ ಹಿಂದೆ ತಲೆಮಾರುಗಳು ಕೇಳಿಕೊಂಡಿರಬಹುದಾದ ಪ್ರಶ್ನೆಗಳ ಸಾಲನ್ನೇ ಅವರು ಎತ್ತಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಅದರ ಒಂದು ಆವರಣ ಇಂದು ಬೆಂಗಳೂರಿನಲ್ಲಿಯೂ ಇದೆ. ಫ್ಯಾಷನ್ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆ ಚೆನ್ನೈ, ಬೆಂಗಳೂರು ಎರಡರಲ್ಲಿಯೂ ಇದೆ.

ಇದೆಲ್ಲ ದೂರದ ಮಾತಲ್ಲ. 1980ರ ದಶಕದಲ್ಲಿ ಟೈಟನ್ ಕೈಗಡಿಯಾರದ ಕಾರ್ಖಾನೆ ಹೊಸೂರಿಗೆ ಬಂದಾಗ, ಸುತ್ತಲಿನ ಊರುಗಳ ಶಾಲೆಗಳಿಂದ ಆಗಷ್ಟೇ ಹೊರಬಂದ ಹುಡುಗ ಹುಡುಗಿಯರನ್ನು ಕರೆದು ತರಬೇತಿ ಕೊಟ್ಟು ಕೆಲಸಕ್ಕೆ ಇರಿಸಿಕೊಂಡಿತು. ಕೂದಲೆಳೆಯಂಥ ಭಾಗಗಳನ್ನು ಚಿಮಟದಲ್ಲಿ ಹಿಡಿದು ಕೂಡಿಸುವ ಆ ಕೆಲಸಕ್ಕೆ ರಂಗೋಲಿ ಎಳೆದ ಬೆರಳುಗಳು ಚೆನ್ನಾಗಿ ಒಗ್ಗಿದವು. ಅತಿ ತೆಳುವಾದ ‘ಎಡ್ಜ್’ ಗಡಿಯಾರ 2002ರಲ್ಲಿ ಹೊರಬಂದಾಗ ದೇಶವೇ ಹೆಮ್ಮೆಪಟ್ಟಿತು. ಆದರೆ ಗಡಿಯಾರದ ಮುಖ ಹೇಗಿರಬೇಕು, ಮುಳ್ಳು ಎಷ್ಟು ಉದ್ದವಿರಬೇಕು, ಅಂಕಿ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ವಿನ್ಯಾಸ ಸಂಸ್ಥೆಗಳಲ್ಲಿ ಓದಿ ಬಂದವರು. ಕೂಡಿಸುವ ಕೈ ನಮ್ಮ ಊರಿನದು, ಗೆರೆ ಎಳೆಯುವ ಕೈ ಬೇರೆ ಊರಿನದು. ನಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಕಾರ್ಖಾನೆಯ ಎರಡು ಪುಟಗಳು ತುಂಬಿ, ಕಲೆಯ ಪುಟ ಬರಿದಾಗಿರುವುದರ ಅರ್ಥವೂ ಇಷ್ಟೇ.

ಇನ್ನು ಭಾಷೆಯ ವಿಚಾರ. 2006ರ ತಮಿಳು ಕಲಿಕಾ ಕಾಯಿದೆಯಂತೆ ನಮ್ಮ ಮಕ್ಕಳೂ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಲಿತು, ಹತ್ತನೆಯ ತರಗತಿಯಲ್ಲಿ ತಮಿಳು ಪರೀಕ್ಷೆ ಬರೆಯಬೇಕಾಯಿತು. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ಇದು ತಂದ ಆತಂಕವನ್ನೂ ನಡೆದ ಹೋರಾಟವನ್ನೂ ಪೋಷಕರು ಬಲ್ಲರು. ಅದನ್ನು ಇಲ್ಲಿ ಮತ್ತೆ ಬಿಚ್ಚುವುದಿಲ್ಲ. ಕಲಾಶಿಕ್ಷಣದ ಮಟ್ಟಿಗೆ ಮಾತ್ರ ಒಂದು ಮಾತು ಹೇಳುತ್ತೇವೆ, ಕೆಲವರಿಗೆ ರುಚಿಸಲಿಕ್ಕಿಲ್ಲ: ತಮಿಳು ಬಲ್ಲ ನಮ್ಮ ಮಗುವಿಗೆ ಚೆನ್ನೈ ಕಾಲೇಜಿನ ಬಾಗಿಲು, ಕನ್ನಡ ಬಲ್ಲ ಅದೇ ಮಗುವಿಗೆ ಬೆಂಗಳೂರು, ಮೈಸೂರುಗಳ ಬಾಗಿಲು ತೆರೆದಿದೆ. ಎರಡು ರಾಜ್ಯಗಳ ಕಲಾಶಾಲೆಗಳಲ್ಲಿ ಮೇಷ್ಟ್ರ ಮಾತನ್ನು ಅರ್ಥಮಾಡಿಕೊಳ್ಳಬಲ್ಲ ಮಕ್ಕಳು ಎಲ್ಲೆಡೆಯೂ ಇಲ್ಲ. ಗಡಿಯಲ್ಲಿರುವುದರ ಕಷ್ಟವನ್ನು ನೂರು ವರ್ಷ ಎಣಿಸಿದ್ದೇವೆ. ಈ ಒಂದು ಅನುಕೂಲವನ್ನು ಎಣಿಸಲಿಲ್ಲ.

ಬಾಗಿಲು ಬಿಗಿಯಾಗಿರುವುದು ಬೇರೆ ಕಡೆ. ರಾಷ್ಟ್ರಮಟ್ಟದ ವಿನ್ಯಾಸ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಕೆಲವಕ್ಕೆ ಹಿಂದಿಯೂ ಉಂಟು. ಕನ್ನಡವಿಲ್ಲ, ತಮಿಳೂ ಇಲ್ಲ. ಕೊಠಡಿಯೊಂದರ ನೋಟವನ್ನು ಇರುವೆಯ ಕಣ್ಣಿನಿಂದ ಬರೆಯಿರಿ ಎಂದರೆ ನಮ್ಮ ಮಗು ಬರೆಯಬಲ್ಲದು, ಹಾಗೆ ಕೇಳಿದ್ದಾರೆಂದು ತಿಳಿದರೆ. ಪೇಟೆಯ ಮಕ್ಕಳು ಇದಕ್ಕಾಗಿಯೇ ವರ್ಷವಿಡೀ ಕೋಚಿಂಗ್ ಪಡೆಯುತ್ತಾರೆ. ಚೆನ್ನೈನ ಸರಕಾರಿ ಕಾಲೇಜಿನಲ್ಲಿ ಹೀಗಿಲ್ಲ; ಅಲ್ಲಿ ಮುಖ್ಯವಾಗಿ ಕೈಯಿಂದ ಬರೆದು ತೋರಿಸುವ ಪರೀಕ್ಷೆ. ಚಿತ್ರ, ಶಿಲ್ಪಗಳ ಜೊತೆಗ ಮುದ್ರಣಕಲೆ, ದೃಶ್ಯ ಸಂವಹನ ವಿನ್ಯಾಸ, ಪಿಂಗಾಣಿ ಮತ್ತು ಜವಳಿಯ ಕೈಗಾರಿಕಾ ವಿನ್ಯಾಸವನ್ನೂ ಅಲ್ಲಿ ಓದಬಹುದು. 2013ರಲ್ಲಿ ಸಂಗೀತ ಮತ್ತು ಲಲಿತಕಲೆಗಳಿಗಾಗಿಯೇ ತಮಿಳುನಾಡು ಒಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ ಈ ಕಾಲೇಜೂ ಕುಂಭಕೋಣದ ಕಲಾ ಕಾಲೇಜೂ ಅದರ ವ್ಯಾಪ್ತಿಗೆ ಬಂದವು. ಹನ್ನೆರಡನೆಯ ತರಗತಿಯ ಮೇಲೆ ನಾಲ್ಕು ವರ್ಷಗಳ ಪದವಿ. ಹೆಸರಿನ ಮುಂದೆ ಅಕ್ಷರಗಳೂ ಬರುತ್ತವೆ.

ಪೋಷಕರು ಮಗುವನ್ನು ಕರೆದುಕೊಂಡು ಒಂದು ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿಬರಬೇಕೆಂದು ನಮ್ಮ ಕೋರಿಕೆ. ಕುಮಾರಕೃಪಾ ರಸ್ತೆಯುದ್ದಕ್ಕೂ ಚಿತ್ರಗಳನ್ನು ಹರಡಿಕೊಂಡು ಕುಳಿತವರನ್ನು ನಾಚಿಕೆಯಿಲ್ಲದೆ ಮಾತನಾಡಿಸಬಹುದು: ಎಲ್ಲಿ ಓದಿದಿರಿ, ಫೀಸು ಎಷ್ಟಾಯಿತು, ತಿಂಗಳಿಗೆ ಏನು ಗಿಟ್ಟುತ್ತದೆ. ಹೋದ ಸಲ ನಮ್ಮೊಂದಿಗೆ ಬಂದ ಒಬ್ಬ ತಂದೆ ಇದನ್ನೇ ಕೇಳಿದರು. ಉತ್ತರಗಳು ಒಂದೇ ಬಗೆಯಾಗಿರಲಿಲ್ಲ. ಒಬ್ಬರು ಶಾಲೆಯಲ್ಲಿ ಕಲಾಶಿಕ್ಷಕರು, ಒಬ್ಬರು ಜಾಹೀರಾತು ಸಂಸ್ಥೆಯಲ್ಲಿದ್ದವರು, ಇನ್ನೊಬ್ಬರು ‘ಮನೆಯವರು ಬ್ಯಾಂಕಿನಲ್ಲಿದ್ದಾರೆ, ಅದರಿಂದ ನಡೆಯುತ್ತಿದೆ’ ಎಂದರು. ಮೂರನೆಯ ಉತ್ತರವನ್ನು ಮುಚ್ಚಿಡಬಾರದೆಂದು ಇಲ್ಲಿ ದಾಖಲಿಸಿದ್ದೇವೆ.

ಉಗ್ರಾಣದ ಹನ್ನೊಂದು ಹಲಗೆಗಳಲ್ಲಿ ಏಳು ದುರಸ್ತಿಯಾಗಿ ಬಂದಿವೆ. ಬೋರ್ಡು ಬರೆಯುವ ನಮ್ಮ ಹಳೆಯ ವಿದ್ಯಾರ್ಥಿ, ಪಟ್ಟಿಯಲ್ಲಿ ಒಂಟಿಯಾಗಿ ಉಳಿದವರು, ಶನಿವಾರ ಮಧ್ಯಾಹ್ನ ಬಂದು ಅಕ್ಷರ ವಿನ್ಯಾಸ ಕಲಿಸಲು ಒಪ್ಪಿದ್ದಾರೆ. ಕಳೆದ ಆಷಾಢದಿಂದ ಪಾಠ ನಡೆಯುತ್ತಿದೆ. ಹದಿನಾಲ್ಕು ಮಕ್ಕಳು ಬರುತ್ತಾರೆ, ಎರಡು ಮಕ್ಕಳಿಗೆ ಒಂದು ಹಲಗೆ. ಗೋಳಕ್ಕೆ ಹೊಸ ಬಿಳಿಬಣ್ಣ ಬಳಿಸಿದ್ದೇವೆ, ನೆರಳು ಸರಿಯಾಗಿ ಕಾಣಲೆಂದು. 1960, 70ರ ದಶಕಗಳಲ್ಲಿ ಇಲ್ಲಿ ಓದಿದ ಯಾರ ಮನೆಯಲ್ಲಾದರೂ ಆ ಕಾಲದ ಡ್ರಾಯಿಂಗ್ ಪುಸ್ತಕ ಉಳಿದಿದ್ದರೆ, ದಯವಿಟ್ಟು ಶಾಲೆಯ ಕಚೇರಿಗೆ ತಲುಪಿಸಿ. ಹಾಳೆ ಹರಿದಿದ್ದರೂ ಚಿಂತೆಯಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ ಪುಟಗಳಾದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ತೋರಿಸಿ, ಹಾಗೆಯೇ ಹಿಂದಿರುಗಿಸುತ್ತೇವೆ.